ಕಡತ ಮರೆತಿದ್ದ ವೀರ ಹೆನ್ರಿ ಜಾನ್ಸನ್

ಅಮೆರಿಕದ ಆಲ್ಬನಿ ನಗರದ ರೈಲು ನಿಲ್ದಾಣದಲ್ಲಿ ಕೂಲಿಯಾಗಿದ್ದ ಹೆನ್ರಿ ಜಾನ್ಸನ್ 1917ರಲ್ಲಿ ಸೇನೆಗೆ ಸೇರಿದರು. ಕಪ್ಪುವರ್ಣೀಯರೇ ಇದ್ದ ಅವರ 369ನೇ ಪದಾತಿ ದಳವನ್ನು ಅಮೆರಿಕವು ಫ್ರೆಂಚ್ ಸೇನೆಯ ಅಧೀನಕ್ಕೆ ಒಪ್ಪಿಸಿತು.

1918ರ ಮೇ 15ರ ನಸುಕಿಗೆ ಮುನ್ನ, ಫ್ರಾನ್ಸಿನ ಆರ್ಗಾನ್ ಅರಣ್ಯದಲ್ಲಿ ಕಾವಲಿದ್ದ ಜಾನ್ಸನ್ ಮತ್ತು ನೀಧಮ್ ರಾಬರ್ಟ್ಸ್ ಮೇಲೆ ಕನಿಷ್ಠ ಹನ್ನೆರಡು ಜರ್ಮನ್ ಸೈನಿಕರು ಎರಗಿದರು. ಗಾಯಗೊಂಡ ರಾಬರ್ಟ್ಸ್‌ರನ್ನು ಶತ್ರುಗಳು ಸೆರೆಯೊಯ್ಯಲು ಯತ್ನಿಸಿದಾಗ ಜಾನ್ಸನ್ ಕತ್ತಿ ಹಿಡಿದು ಹೋರಾಡಿ ಬಿಡಿಸಿಕೊಂಡರು. ಅವರ ಮೈಮೇಲೆ 21 ಗಾಯಗಳಾಗಿದ್ದವು. ಫ್ರಾನ್ಸ್ ಸರ್ಕಾರ ಕ್ರ್ವಾ ದ ಗೇರ್ ಪದಕವಿತ್ತು ಗೌರವಿಸಿತು.

ಆದರೆ ಸ್ವದೇಶದ ಸೇನೆ ನೀಡಿದ ಬಿಡುಗಡೆ ಪತ್ರದಲ್ಲಿ ಆ ಗಾಯಗಳ ಉಲ್ಲೇಖವೇ ಇರಲಿಲ್ಲ. ಅಮೆರಿಕದ ಒಂದು ಶೌರ್ಯ ಪದಕವನ್ನೂ ಕಾಣದೆ ಜಾನ್ಸನ್ 1929ರಲ್ಲಿ ನಿಧನರಾದರು.

ದಶಕಗಳ ಬಳಿಕ ಅಭಿಮಾನಿಗಳ ಹೋರಾಟ ಫಲ ನೀಡಿತು. 1996ರಲ್ಲಿ ಪರ್ಪಲ್ ಹಾರ್ಟ್, 2002ರಲ್ಲಿ ಡಿಸ್ಟಿಂಗ್ವಿಶ್ಡ್ ಸರ್ವೀಸ್ ಕ್ರಾಸ್ ಮರಣೋತ್ತರವಾಗಿ ಸಂದವು. ಅನಾಥ ಶವದಂತೆ ಹೂಳಲ್ಪಟ್ಟಿದ್ದರೆಂಬ ನಂಬಿಕೆಯೂ 2002ರಲ್ಲಿ ಸುಳ್ಳಾಯಿತು. ಅವರ ಸಮಾಧಿ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲೇ ಪತ್ತೆಯಾಯಿತು. ಅತ್ಯುನ್ನತ ಪುರಸ್ಕಾರಕ್ಕಿದ್ದ ಕಾಲಮಿತಿಯನ್ನು ಸಂಸತ್ತು ಸಡಿಲಿಸಿದ ಮೇಲೆ, 2015ರ ಜೂನ್ 2ರಂದು ಅಧ್ಯಕ್ಷ ಬರಾಕ್ ಒಬಾಮಾ ಮೆಡಲ್ ಆಫ್ ಆನರ್ ಪ್ರದಾನ ಮಾಡಿದರು. ಆರ್ಗಾನ್ ಕಾದಾಟಕ್ಕೆ ಆಗ 97 ವರ್ಷ ತುಂಬಿತ್ತು.