ಕುರ್‌ಆನ್ ಅಚ್ಚು ಹಾಕಿಸಿದ ಮುನ್ಶಿ

ಗುಬ್ಬಿ ತಾಲ್ಲೂಕಿನ ಚೇಳೂರು ಹೆಸರಾಗಿರುವುದು ಹಲಸಿನ ಸಂತೆಗೆ. ನನ್ನ ಬಾಲ್ಯದ ಚೇಳೂರಿನಲ್ಲಿ ಆ ಸಂತೆಯ ಜೊತೆಗೆ ಒಂದು ಪುಟ್ಟ ಪುಸ್ತಕದ ನೆನಪೂ ಇದೆ. ನೆರೆಮನೆಯ ಗೆಳೆಯ ಬೆಳಗಿನ ಹೊತ್ತು ಮಸೀದಿಗೆ ಓದಲು ಹೋಗುವಾಗ ಅದನ್ನು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಒಯ್ಯುತ್ತಿದ್ದ. ಕುರ್‌ಆನ್ ಓದಲು ಕಲಿಸುವ ಆ ಬಾಲಬೋಧೆಗೆ ಅವರ ಮನೆಯಲ್ಲಿ ಕಾಯಿದಾ ಎನ್ನುತ್ತಿದ್ದರು. ಮೊದಲು ಬಿಡಿ ಅಕ್ಷರಗಳು, ಆಮೇಲೆ ಅವು ಕೂಡಿದಾಗ ತಾಳುವ ರೂಪಗಳು, ಅನಂತರ ಸ್ವರಚಿಹ್ನೆಗಳು. ಅವನ ಅಜ್ಜನ ಕಾಲದ ಪ್ರತಿಯೊಂದೂ ಆ ಮನೆಯಲ್ಲಿತ್ತು. ಮಕ್ಕಳ ಬೆರಳು ತಾಗಿ ತಾಗಿ ಅದರ ಮೊದಲ ಪುಟಗಳು ಸವೆದಿದ್ದವು. ಮುದ್ರಕನ ಹೆಸರಿದ್ದ ಹಾಳೆ ಎಂದೋ ಹರಿದುಹೋಗಿತ್ತು.

ಅರಬ್ಬಿ ಅಕ್ಷರದ ಪುಸ್ತಕಗಳು ಸಾಮಾನ್ಯರ ಮನೆಗೆ ಬಂದ ಬಗೆಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯ ಕುತೂಹಲದಿಂದ ಹುಡುಕುತ್ತ ಹೋದಾಗ ಎದುರಾದ ದೊಡ್ಡ ಹೆಸರು ಲಖನೌದ ಮುನ್ಶಿ ನವಲ್ ಕಿಶೋರ್ ಅವರದು. ಅವರು ಮುಸ್ಲಿಮರಲ್ಲ. 1836ರಲ್ಲಿ ಈಗಿನ ಉತ್ತರ ಪ್ರದೇಶದ ಪಶ್ಚಿಮ ಭಾಗದ ಭಾರ್ಗವ ಕುಟುಂಬದಲ್ಲಿ ಜನಿಸಿದವರು. ಅಂದಿನ ಸುಶಿಕ್ಷಿತ ಹಿಂದೂ ಮನೆತನಗಳ ವಾಡಿಕೆಯಂತೆ ಪಾರ್ಸಿ ಕಲಿತರು. ಆಗ್ರಾ ಕಾಲೇಜಿನಲ್ಲಿ ಓದಿದರು. ಲಾಹೋರಿನ ಕೋಹಿನೂರ್ ಮುದ್ರಣಾಲಯದಲ್ಲಿ ದುಡಿದು ಅಚ್ಚಿನ ಕೆಲಸದ ಒಳಹೊರಗನ್ನು ಅರಿತರು.

1858ರಲ್ಲಿ ಅವರು ಲಖನೌಗೆ ಬಂದಾಗ ವಯಸ್ಸು 22. ಹಿಂದಿನ ವರ್ಷದ ದಂಗೆ ಮತ್ತು ಅದನ್ನು ಅಡಗಿಸಿದ ಕ್ರೌರ್ಯದಿಂದ ನಗರ ಜರ್ಜರಿತವಾಗಿತ್ತು. ನವಾಬರ ಆಶ್ರಯದಲ್ಲಿದ್ದ ಪಂಡಿತರೂ ಲಿಪಿಕಾರರೂ ಜೀವನಾಧಾರ ಕಳೆದುಕೊಂಡಿದ್ದರು. ಅಲ್ಲಿ ಅವರು ಮುದ್ರಣಾಲಯ ತೆರೆದರು. ಸರ್ಕಾರಿ ಮುದ್ರಣದ ಕೆಲಸ ಹಾಗೂ ಶಾಲಾ ಪಠ್ಯಪುಸ್ತಕಗಳ ಗುತ್ತಿಗೆ ಸಂಸ್ಥೆಯ ಬೆಳವಣಿಗೆಗೆ ಆಧಾರವಾದವು. ಬ್ರಿಟಿಷರಿಗೆ ಅವರು ನಿಷ್ಠರಾಗಿದ್ದರೆಂಬುದನ್ನು ಮರೆಮಾಚಬೇಕಿಲ್ಲ. ಆದರೆ ಆ ಲಾಭವನ್ನು ಅವರು ತೊಡಗಿಸಿದ್ದು ಪುಸ್ತಕಗಳಲ್ಲಿ.

ಅವರಿಗೆ ನೆರವಾದ ತಂತ್ರಜ್ಞಾನ ಕಲ್ಲಚ್ಚು. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ 1843ರಲ್ಲಿ ಮುದ್ರಿತವಾದದ್ದೂ ಇದೇ ವಿಧಾನದಲ್ಲಿ. ಅರಬ್ಬಿ ಅಕ್ಷರವು ಪದದ ಆದಿ, ಮಧ್ಯ, ಅಂತ್ಯಗಳಲ್ಲಿ ಬೇರೆ ಬೇರೆ ರೂಪ ತಾಳುತ್ತದೆ. ಮೇಲೆ ಕೆಳಗೆ ಸ್ವರಚಿಹ್ನೆಗಳೂ ಬೇಕು. ಸೀಸದ ಮೊಳೆಗಳಲ್ಲಿ ಇದನ್ನೆಲ್ಲ ಜೋಡಿಸುವುದು ದುಬಾರಿ. ನುರಿತ ಕೈಬರಹಕ್ಕೆ ಒಗ್ಗಿದ ಓದುಗನಿಗೆ ಅದು ರುಚಿಸುತ್ತಲೂ ಇರಲಿಲ್ಲ. ಕಲ್ಲಚ್ಚಿನಲ್ಲಿ ಲಿಪಿಕಾರ ಜಿಡ್ಡಿನ ಮಸಿಯಿಂದ ಬರೆದುದನ್ನು ಕಲ್ಲಿನ ಮೇಲಿಳಿಸಿ ನೂರಾರು ಪ್ರತಿ ತೆಗೆಯಬಹುದಿತ್ತು. ಬರೆಸುವ ವೆಚ್ಚ ಅಷ್ಟೂ ಪ್ರತಿಗಳಿಗೆ ಹಂಚಿಹೋಗಿ ಬೆಲೆ ಇಳಿಯಿತು. ಕೆಲಸ ಕಳೆದುಕೊಂಡಿದ್ದ ಲಿಪಿಕಾರನಿಗೆ ಯಂತ್ರವೇ ಅನ್ನ ಕೊಟ್ಟಿತು.

ನವಲ್ ಕಿಶೋರ್ ಕುರ್‌ಆನನ್ನು ಸಾಮಾನ್ಯರ ಕೈಗೆಟುಕುವ ಬೆಲೆಗೆ ಮುದ್ರಿಸಿದರು. ಅಂಥ ಕೆಲಸದಲ್ಲಿ ಒಂದು ಸ್ವರಚಿಹ್ನೆ ತಪ್ಪಿದರೂ ಅಪಚಾರ. ತಪ್ಪಿದವನು ಅನ್ಯಮತದವನಾದರೆ ಅನುಮಾನ ಸಹಜ. ಅದನ್ನರಿತು ಅವರು ಆ ಹೊಣೆಯನ್ನು ಬಲ್ಲ ಮುಸ್ಲಿಂ ಲಿಪಿಕಾರರಿಗೂ ವಿದ್ವಾಂಸರಿಗೂ ವಹಿಸಿದರು. ಅಂಗಶುದ್ಧಿ ಮಾಡಿಕೊಂಡವರಷ್ಟೇ ಆ ಕಲ್ಲುಗಳನ್ನು ಮುಟ್ಟಬೇಕೆಂದು ಅವರು ನಿಯಮ ಮಾಡಿದ್ದರೆಂಬ ಮಾತು ತಲೆಮಾರುಗಳಿಂದ ಹರಿದುಬಂದಿದೆ. ಅದೇ ಮುದ್ರಣಾಲಯದಿಂದ ತುಲಸೀದಾಸರ ರಾಮಚರಿತಮಾನಸವೂ, ಮಹಾಭಾರತದ ಪಾರ್ಸಿ ಅನುವಾದವೂ, ಗಾಲಿಬರ ಕಾವ್ಯವೂ ಹೊರಬಂದವು. ಅವರ ಅವಧ್ ಅಖ್ಬಾರ್ ಉತ್ತರ ಭಾರತದ ಪ್ರಮುಖ ಉರ್ದು ಪತ್ರಿಕೆಯಾಗಿ ಬೆಳೆಯಿತು. ಕಾಗದದ ಉತ್ಪಾದನೆಗೂ ಅವರು ಕೈಹಾಕಿದರು. ಸಾವಿರಾರು ಶೀರ್ಷಿಕೆಗಳನ್ನು ಹೊರತಂದ ಸಂಸ್ಥೆಯನ್ನು ಕಟ್ಟಿ 1895ರ ಫೆಬ್ರುವರಿ 19ರಂದು ಅವರು ತೀರಿಕೊಂಡರು. 1970ರಲ್ಲಿ ಅಂಚೆ ಇಲಾಖೆ ಅವರ ಸ್ಮರಣೆಗೆ ಅಂಚೆಚೀಟಿ ಹೊರಡಿಸಿತು.

ಇದನ್ನು ಕೇವಲ ಉದಾರ ಮನಸ್ಸಿನ ಕಥೆಯೆಂದು ಹೇಳಿದರೆ ಅರ್ಧ ಸತ್ಯವಾದೀತು. ಅವರು ವ್ಯಾಪಾರಿ; ಲಾಭ ನೋಡಿದರು. ಕೊಳ್ಳುವವನೂ ಅಕ್ಷರಶುದ್ಧಿ ನೋಡಿದ, ಬೆಲೆ ನೋಡಿದ. ಆ ನಂಬಿಕೆ ಭಾಷಣದಿಂದ ಹುಟ್ಟಿದ್ದಲ್ಲ, ಕೆಲಸದ ಶುದ್ಧಿಯಿಂದ ಬೆಳೆದದ್ದು. ಮಾರುವವನ ಮತ ಕೇಳಿ ಹಣ್ಣು ಕೊಳ್ಳಬೇಕೆಂಬ ಮಾತು ನಮ್ಮ ರಾಜ್ಯದಲ್ಲಿ 2022ರಲ್ಲಿ ಕೇಳಿಬಂದಾಗ ನನಗೆ ನೆನಪಾದದ್ದು ಈ ಮುದ್ರಕ. ಪವಿತ್ರ ಗ್ರಂಥದ ವಿಷಯದಲ್ಲೇ ನಮ್ಮ ಹಿರಿಯರು ಹಾಕದ ಷರತ್ತನ್ನು ನಾವು ಹಲಸಿಗೆ ಹಾಕುವುದೇ?

ಬಾಲಬೋಧೆಗಳ ಹಳೆಯ ಪ್ರತಿಗಳು ಉಳಿಯುವುದು ಅಪರೂಪ; ಓದಿದಷ್ಟೂ ಹರಿಯುವುದು ಅವುಗಳ ಗುಣ. ಗೆಳೆಯನ ಮನೆಯ ಆ ಕಾಯಿದಾವನ್ನು ಅಚ್ಚು ಹಾಕಿದವರು ಯಾರೆಂದು ಆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಅಕ್ಷರ ಶುದ್ಧವಾಗಿತ್ತು, ಮಕ್ಕಳು ಕಲಿತರು. ಅವರಿಗೆ ಅಷ್ಟು ಸಾಕಾಗಿತ್ತು.