ಉಕ್ಕಿನ ಮೂಸೆಯನ್ನು ತೂಗಿ ಬರೆದ ವೈದ್ಯ: ಫ್ರಾನ್ಸಿಸ್ ಬುಕಾನನ್

ಕಾದ ಕಬ್ಬಿಣಕ್ಕೆ ಗಾಳಿಯೇ ಹಗೆ. ಕೆಂಪಗೆ ಕಾಸಿದ ಲೋಹವನ್ನು ಬರಿಯ ಗಾಳಿಗೆ ಒಡ್ಡಿದರೆ ಮೈಮೇಲೆ ಕಿಟ್ಟ ಕಟ್ಟುತ್ತದೆ. ಉಕ್ಕಿಗೆ ಗಟ್ಟಿತನ ಕೊಡುವ ಇಂಗಾಲವೂ ಹೊರಮೈಯಿಂದ ಉರಿದುಹೋಗುತ್ತದೆ. ಆದುದರಿಂದ ಇಂದಿನ ಕಾರ್ಖಾನೆಗಳು ಕುಲುಮೆಯೊಳಗೆ ರಕ್ಷಕ ಅನಿಲವನ್ನು ತುಂಬಿ ಲೋಹವನ್ನು ಹದಗೊಳಿಸುತ್ತವೆ. ನೆಹರು ಗಂಜಿನ ಪೇಟೆಗೆ ಬರುವ ತೊಗರಿಯನ್ನು ಬೇಳೆಯಾಗಿಸುವ ಗಿರಣಿಗಳಲ್ಲಿ ತಿರುಗುವ ಬೇರಿಂಗು, ಹಲ್ಲುಗಾಲಿಗಳಂತಹ ಭಾಗಗಳ ಬಾಳಿಕೆ ನಿಂತಿರುವುದು ಇಂತಹ ಸಂಸ್ಕಾರದ ಮೇಲೆ. ಈ ವಿದ್ಯೆಯ ಬೀಜರೂಪ ಇನ್ನೂರು ವರ್ಷಗಳಿಗೂ ಹಿಂದೆ ಕನ್ನಡ ನಾಡಿನಲ್ಲಿ ಹೇಗಿತ್ತೆಂಬುದನ್ನು ತೂಕದ ಸಹಿತ ಬರೆದಿಟ್ಟವರು ಲೋಹಶಾಸ್ತ್ರಜ್ಞರಲ್ಲ, ವೈದ್ಯರಾದ ಫ್ರಾನ್ಸಿಸ್ ಬುಕಾನನ್.

ಬುಕಾನನ್ನರು ಜನಿಸಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋದಲ್ಲಿ ವೈದ್ಯವಿದ್ಯೆಯನ್ನು ಕಲಿತು 1783ರಲ್ಲಿ ಪದವೀಧರರಾದರು. ಸಸ್ಯಶಾಸ್ತ್ರದ ಒಲವು ಅಲ್ಲಿಯೇ ಅಂಕುರಿಸಿತು. ಹಡಗುಗಳಲ್ಲಿ ವೈದ್ಯರಾಗಿ ಕೆಲವು ಕಾಲ ಸಂಚರಿಸಿ, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಸೇವೆಗೆ ಸೇರಿದರು. ಮರುವರ್ಷ ಬರ್ಮಾದ ಆವಾ ರಾಜ್ಯಕ್ಕೆ ಹೋದ ರಾಯಭಾರದಲ್ಲಿಯೂ ಇದ್ದರು.

ಟಿಪ್ಪು ಸುಲ್ತಾನನ ಪತನದ ತರುವಾಯ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಬೆಳೆ, ಕಸುಬು, ವ್ಯಾಪಾರಗಳನ್ನು ವಿಚಾರಿಸಿ ಬರಲು ಅವರನ್ನು ನಿಯೋಜಿಸಿದನು. ಅದು ಗೆದ್ದವರ ಲೆಕ್ಕಾಚಾರವೆಂಬುದನ್ನು ಮರೆಯಲಾಗದು. ನಾಡಿನ ಜನರನ್ನು ಕುರಿತ ಅವರ ನುಡಿಗಳು ಅನೇಕ ಕಡೆ ಕಟುವಾಗಿಯೇ ಇವೆ. ಆದರೆ ಕಣ್ಣು ಮಾತ್ರ ಅಸಾಧಾರಣ ಸೂಕ್ಷ್ಮವಾದುದು. ಆ ವರ್ಷದ ಏಪ್ರಿಲಿನಲ್ಲಿ ಮದ್ರಾಸಿನಿಂದ ಹೊರಟ ಅವರು 1801ರವರೆಗೆ ಸಂಚರಿಸುತ್ತ, ಕಂಡುದನ್ನು ದಿನದಿನವೂ ಬರೆದರು.

ಮೈಸೂರು ಸೀಮೆಯಲ್ಲಿ ಅವರು ಉಕ್ಕು ಮಾಡುವವರ ಕುಲುಮೆಯ ಮುಂದೆ ನಿಂತು ನೋಡಿದರು. ಮಣ್ಣಿನ ಮೂಸೆಯೊಂದರಲ್ಲಿ ಕಬ್ಬಿಣದ ತುಂಡು. ಅದರೊಡನೆ ಮೂರು ರೂಪಾಯಿ ತೂಕದ, ಎಂದರೆ ಸುಮಾರು 34 ಗ್ರಾಂ ಆವರಿಕೆ ಗಿಡದ ಕಡ್ಡಿ. ಮೇಲೆ ಅಗಲವಾದ ನುಣುಪೆಲೆಯ ಬಳ್ಳಿಯೊಂದರ ಎರಡು ಹಸಿರೆಲೆ. ಬಾಯಿಗೆ ಹಸಿಮಣ್ಣಿನ ಮುಚ್ಚಳವಿಟ್ಟು ಸಂದು ಮೆತ್ತಿ, ಇದ್ದಲಿನ ನಡುವೆ ಇರಿಸಿ ತಿದಿಯೊತ್ತುವರು. ಆವರಿಕೆ ಎಂದರೆ ನಮ್ಮ ಹೊಲಗಳ ಬದುವಿನಲ್ಲಿ ಹಳದಿ ಹೂ ಬಿಡುವ ತಂಗಡಿಯೇ. ಬಳ್ಳಿಯ ಹೂವನ್ನು ತಾವು ಕಾಣದ ಕಾರಣ ಅದರ ಜಾತಿಯನ್ನು ಖಚಿತವಾಗಿ ಹೇಳಲಾರೆವೆಂದು ಬರೆದ ಬುಕಾನನ್ನರ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಈ ಹಿಡಿಯಷ್ಟು ಹಸಿರಿಗೆ ಮೂಸೆಯಲ್ಲಿ ಏನು ಕೆಲಸ? ಕಾದಾಗ ಕಡ್ಡಿ, ಎಲೆಗಳು ಜಲಜನಕ, ಇಂಗಾಲದ ಮಾನಾಕ್ಸೈಡ್ ಮೊದಲಾದ ಅನಿಲಗಳನ್ನು ಬಿಡುತ್ತವೆ. ಮೂಸೆಯಲ್ಲಿ ಉಳಿದಿದ್ದ ಆಮ್ಲಜನಕ ಇಲ್ಲವಾಗುತ್ತದೆ. ಉಳಿದ ಇಂಗಾಲವನ್ನು ಕಬ್ಬಿಣ ಹೀರಿ, ಕರಗಿ, ಉಕ್ಕಾಗುತ್ತದೆ. ಇಂದಿನ ಅನಿಲೋತ್ಪಾದಕ ಯಂತ್ರದಲ್ಲಿ ನೈಸರ್ಗಿಕ ಅನಿಲಕ್ಕೆ ಅಳತೆಯ ಗಾಳಿಯನ್ನು ಬೆರಸಿ, ಕಾದ ನಿಕ್ಕಲಿನ ಪ್ರೇರಕದ ಮೇಲೆ ಹಾಯಿಸುತ್ತಾರೆ. ಹೊರಬರುವ ಅನಿಲದಲ್ಲಿ ಸುಮಾರು 40 ಪಾಲು ಜಲಜನಕ, 40 ಪಾಲು ಸಾರಜನಕ, 20 ಪಾಲು ಇಂಗಾಲದ ಮಾನಾಕ್ಸೈಡ್. ಅಮೋನಿಯವನ್ನು ಒಡೆದರೆ ಮುಕ್ಕಾಲು ಜಲಜನಕ, ಕಾಲು ಸಾರಜನಕ. ಯಂತ್ರ ಬೇರೆ, ಪ್ರಮಾಣ ಬೇರೆ. ಗಾಳಿಯನ್ನು ದೂರವಿಡುವ ಉಪಾಯ ಒಂದೇ. ಮೂಸೆಯವರಿಗೆ ಅನಿಲಗಳ ಹೆಸರು ತಿಳಿದಿರಲಿಲ್ಲ, ಎಲೆ ಎಷ್ಟು ಸಾಕೆಂಬುದು ತಿಳಿದಿತ್ತು.

ಯುರೋಪು ಇದನ್ನು ವೂಟ್ಜ್ ಎಂದು ಕರೆಯಿತು. ನಮ್ಮ ಉಕ್ಕು ಎಂಬ ಶಬ್ದವೇ ಹಾಗೆ ತಿರುಚಿಕೊಂಡಿತೆಂದು ವಿದ್ವಾಂಸರ ಮತ. 1819ರಲ್ಲಿ ಫ್ಯಾರಡೆಯಂಥವರೂ ಅದನ್ನು ವಿಶ್ಲೇಷಿಸಿ, ಗುಟ್ಟು ಅಲ್ಯುಮಿನಿಯಮಿನಲ್ಲಿದೆಯೆಂದು ಭ್ರಮಿಸಿದರು. ಒಂದು ಕಾಲಕ್ಕೆ ಕಲಬುರ್ಗಿಯಂತೆಯೇ ನಿಜಾಮ್ ಸಂಸ್ಥಾನದಲ್ಲಿದ್ದ, ಈಗ ತೆಲಂಗಾಣಕ್ಕೆ ಸೇರಿದ ಕೋನಸಮುದ್ರಂ ಗ್ರಾಮಕ್ಕೆ ಪರ್ಷಿಯಾದ ವರ್ತಕರು ಇಂಥ ಉಕ್ಕಿಗಾಗಿಯೇ ಬರುತ್ತಿದ್ದರು. ಕಾರ್ಖಾನೆಯ ಅಗ್ಗದ ಉಕ್ಕು ಬಂದಂತೆ ಆ ಕುಲುಮೆಗಳು ಆರಿದವು. ಅಪ್ಪನಿಂದ ಮಗನಿಗೆ ಬಾಯಿಂದಲೂ ಕೈಯಿಂದಲೂ ಬರುತ್ತಿದ್ದ ವಿದ್ಯೆಯ ಸರಪಣಿ ಅಲ್ಲಿಗೆ ಕಡಿಯಿತು. ಆದುದರಿಂದಲೇ ಆ 34 ಗ್ರಾಂ ತೂಕದ ಬೆಲೆ ದೊಡ್ಡದು.

ಪ್ರವಾಸದ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದೇ ವರ್ಷದಿಂದ 1814ರವರೆಗೆ ಬುಕಾನನ್ನರು ಬಂಗಾಳ, ಬಿಹಾರಗಳ ಸಮೀಕ್ಷೆ ನಡೆಸಿದರು; ಬಳಿಕ ಸ್ವಲ್ಪ ಕಾಲ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕರಾಗಿದ್ದರು. 1815ರಲ್ಲಿ ಸ್ವದೇಶಕ್ಕೆ ಹೊರಟಾಗ, ವರ್ಷಗಟ್ಟಲೆ ಬರೆಯಿಸಿದ್ದ ಸಸ್ಯ, ಪ್ರಾಣಿಗಳ ಚಿತ್ರಗಳನ್ನು ಕೊಂಡೊಯ್ಯಲು ಸರ್ಕಾರ ಬಿಡಲಿಲ್ಲ. ತಾಯಿಯ ಕಡೆಯ ಆಸ್ತಿಯೊಡನೆ ಹ್ಯಾಮಿಲ್ಟನ್ ಎಂಬ ಮನೆತನದ ಹೆಸರೂ ಅವರಿಗೆ ಬಂದಿತು. ಗಂಗೆಯ ಮೀನುಗಳನ್ನು ಕುರಿತ ಗ್ರಂಥವನ್ನು 1822ರಲ್ಲಿ ಪ್ರಕಟಿಸಿ, 1829ರ ಜೂನ್ 15ರಂದು ನಿಧನರಾದರು.