ವಾಣೀವಿಲಾಸ ಸನ್ನಿಧಾನದವರ ಚರಿತ್ರೆ

ಬೆಂಗಳೂರಿನ ವಾಣೀವಿಲಾಸ ಆಸ್ಪತ್ರೆಯ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ಆ ಹೆಸರು ಯಾರದೆಂಬುದನ್ನು ಎಲ್ಲರೂ ಅರಿಯರಾದ ಕಾರಣ ಅದನ್ನು ಸಂಕ್ಷೇಪವಾಗಿ ತಿಳಿಸುತ್ತೇವೆ.

ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1866ರಲ್ಲಿ ಕಳಲೆಯ ಅರಸು ಮನೆತನದಲ್ಲಿ ಹುಟ್ಟಿ, 1878ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರ ಕೈಹಿಡಿದರು. 1894ನೆಯ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋಗಿದ್ದ ಮಹಾರಾಜರು ಗಂಟಲಮಾರಿ ರೋಗದಿಂದ 31 ವರ್ಷ ಪ್ರಾಯದಲ್ಲಿಯೇ ತೀರಿಕೊಂಡರು. ಆಗ ಮಹಾರಾಣಿಯವರಿಗೆ 28 ವರ್ಷ. ಪಟ್ಟಕ್ಕೆ ಬರಬೇಕಾದ ಮಗನಿಗೆ ಹತ್ತೇ ವರ್ಷ. ಮನೆಯ ದುಃಖವು ಆರುವ ಮುಂಚೆಯೇ ರಾಜ್ಯದ ಭಾರವು ಅವರ ಹೆಗಲಿಗೆ ಬಿತ್ತು. 1902ರ ವರೆಗೆ ಅವರು ರೀಜೆಂಟರಾಗಿ ಅದನ್ನು ಹೊತ್ತರು. 1897ರಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಸ್ತಿಭಾರದ ಕಲ್ಲನ್ನಿಟ್ಟರು. ಮರುವರ್ಷವೇ ಪ್ಲೇಗು ಬೆಂಗಳೂರಿಗೆ ನುಗ್ಗಿತು. ಶಿವನಸಮುದ್ರದ ವಿದ್ಯುತ್ತೂ ಅವರ ಕಾಲದ್ದೇ. ಬಳಿಕ ರಾಜ್ಯವನ್ನು ಮಗನಾದ ಕೃಷ್ಣರಾಜ ಒಡೆಯರಿಗೆ ಒಪ್ಪಿಸಿ, 1934ರಲ್ಲಿ ಕಾಲವಾದರು. ಮರುವರ್ಷ, ಹೆಂಗಸರಿಗೂ ಮಕ್ಕಳಿಗೂ ಕಟ್ಟಿದ ದೊಡ್ಡ ಆಸ್ಪತ್ರೆಯು ಅವರ ಬಿರುದಿನ ಹೆಸರಿನಿಂದ ತೆರೆಯಲ್ಪಟ್ಟಿತು.

ನಮ್ಮ ಅಜ್ಜಿಯರ ಕಾಲದಲ್ಲಿ ಹೆರಿಗೆಯು ಕತ್ತಲೆಯ ಕೋಣೆಯಲ್ಲಿ ನಡೆಯುತ್ತಿತ್ತು. ರಕ್ತವು ನಿಲ್ಲದೆ ಹೋದರೆ, ನಂಜೇರಿದರೆ, ಮೈ ಬಾತು ಸೆಳವು ಬಂದರೆ, ಎಷ್ಟೇ ಅನುಭವವುಳ್ಳ ಸೂಲಗಿತ್ತಿಗೂ ಉಪಾಯವಿರಲಿಲ್ಲ. ಈಗ ಪೀಣ್ಯದ ಕಾರ್ಖಾನೆಯಲ್ಲಿ ಬಟ್ಟೆ ಹೊಲಿಯುವವಳಿಗೂ ವೈಟ್‌ಫೀಲ್ಡಿನ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವಳಿಗೂ ಆ ಆಸ್ಪತ್ರೆಯ ಬಾಗಿಲು ತೆರೆದಿದೆ. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2001–03ರಲ್ಲಿ 228 ತಾಯಂದಿರು ಸಾಯುತ್ತಿದ್ದರು. 2018–20ರಲ್ಲಿ ಆ ಸಂಖ್ಯೆ 69ಕ್ಕೆ ಇಳಿಯಿತು.

ಆದರೂ ಆ 69 ಮನೆಗಳಲ್ಲಿ ತೊಟ್ಟಿಲ ಬಳಿ ತಾಯಿಯಿಲ್ಲ. ಆಸ್ಪತ್ರೆಯು ಎಷ್ಟು ದೊಡ್ಡದಾದರೂ ತಡವಾಗಿ ಬಂದವಳಿಗೆ ಅದು ದೂರವೇ. ಊರು ಬಿಟ್ಟು ಕೂಲಿಗೆ ಬಂದವಳಿಗೆ ಜೊತೆಯಲ್ಲಿ ತಾಯಿಯಿಲ್ಲ, ಅತ್ತೆಯಿಲ್ಲ. ಒಂದು ದಿನದ ಕೂಲಿ ತಪ್ಪೀತೆಂದು ಅವಳು ತಪಾಸಣೆಯನ್ನು ಮುಂದೂಡುತ್ತಾಳೆ. ಆದುದರಿಂದ, ವಾಚಕರೇ, ನಿಮ್ಮ ನೆರೆಯಲ್ಲಿ ಅಂಥ ಬಸುರಿಯಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ತಾಯಿ ಕಾರ್ಡನ್ನು ಮಾಡಿಸಿಕೊಡಿರಿ. ತಲೆನೋವು, ಕಣ್ಣು ಮಂಜು, ಮುಖದ ಬಾವು, ರಕ್ತಸ್ರಾವ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿರಿ. ಅರಸಿಯ ಹೆಸರಿನ ಬಾಗಿಲು ತೆರೆದೇ ಇದೆ. ಅಲ್ಲಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಕೆಲಸವು ನಮ್ಮದು.